ಕೊನೆಯ ಸಾಲಿನ ಮೇಲಿನ ಪಟ್ಟಿ

ನಾಗಸಂದ್ರ
9 ಜೂನ್ 2025

ಬಸಲಿಂಗ,

ಹೇಗಿದ್ದೀಯಪ್ಪ? ನಿನ್ನಿಂದ ಒಂದು ಸುದ್ದಿಯಿಲ್ಲ, ಸಮಾಚಾರವಿಲ್ಲ. ಅಮ್ಮನಂತೂ ದಿನಾ ರಾಗ ಎಳೆಯುತ್ತಾಳೆ. "ಆರು ವರ್ಸ ನಮ್ಮ ಮಹಡಿ ರೂಮಲ್ಲಿದ್ದ, ನನ್ ಕೈಯಾರೆ ಮುದ್ದೆ ತಿಂದ, ಬಿಜಾಪುರಕ್ಕೆ ಓಗಿದ್ದೇ ತಡ ಅಶ್ವತ್ಥಮ್ಮ ಅನ್ನೋ ಎಸ್ರೇ ಮರ್ತೋಯ್ತಾ ಅವ್ನಿಗೆ" ಅನ್ನುತ್ತಾಳೆ. ಅವಳಿಗೊಂದು ಫೋನ್ ಮಾಡು.

ಪ್ರೋಗ್ರಾಂ ಬರೆಯಲು ನೀನು ಮಾಡಿಕೊಟ್ಟ ಸಾಣೆ ಸಾಫ್ಟ್‌ವೇರಿನಲ್ಲಿ ಏನೇ ಹುಳುಕು ಕಂಡರೂ ಬರೆದು ಕಳಿಸಿ, ಫೋನಿನಲ್ಲಿ ಬೈದರೆ ಗಾಳಿಗೆ ಹೋಗುತ್ತದೆ ಎಂದು ನೀನೇ ಹೇಳಿದ್ದೆ. ಹತ್ತು ವರ್ಷದಿಂದ ಹಾಗೇ ಮೇಲ್‌ನಲ್ಲಿ ಬರೆಯುತ್ತಿದ್ದೇನೆ. ಈ ಸಲದ ಹುಳುಕು ಮಾತ್ರ ಸಾಣೆಯದ್ದಲ್ಲ, ಊರವರ ಬಾಯಿಯದ್ದು.

ಪಕ್ಕದ ಶೆಡ್ಡಿನ ಮನು ಗೊತ್ತಲ್ಲ, ನಮ್ಮ ಹಾಗೇ ಕಬ್ಬಿಣ ಕತ್ತರಿಸುವ ಮಷಿನ್‌ಗಳಿಗೆ ಪ್ರೋಗ್ರಾಂ ಬರೆಯುವವನು. ಮೊನ್ನೆ ಟೀ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ ಹೇಳುತ್ತಾನೆ: "ಅಕ್ಕ, ನಿಮ್ಮ ಬಸಲಿಂಗ ಸಾಣೇನ ಮಾರ್ಕೊಂಡ್ಬಿಟ್ಟ ಕಣಕ್ಕ. ಪ್ರೋಗ್ರಾಂ ಬರೆಯೋಣ ಅಂತ ಕೂತ್ರೆ ಕೆಳಗಡೆ ಪಟ್ಟಿ ಬಂದು ಸೈಟ್ ಬೇಕಾ ಅನ್ನುತ್ತೆ, ಕೋಚಿಂಗ್ ಬೇಕಾ ಅನ್ನುತ್ತೆ. ಎಲೆಕ್ಟ್ರಾನಿಕ್ ಸಿಟಿ ಎಂಜಿನಿಯರ್‌ಗಳೆಲ್ಲ ಬಿಟ್ಟು ಬೇರೆ ಎಡಿಟರ್‌ಗೆ ಹೋಗ್ಬಿಟ್ಟವ್ರೆ. ಮೊದ್ಲು ಅವನು ಎಲ್ಲರಿಗೂ ಅಂತ ಬಿಟ್ಟಿದ್ದ ಹಳೇ ಕೋಡ್ ಇದ್ಯಲ್ಲ, ಅದನ್ನ ತಗೊಂಡು ನಾನು ಆ್ಯಡ್ ಇಲ್ಲದ ಕಾಪಿ ಮಾಡ್ಕೊಂಡಿದ್ದೀನಿ. ನಿಮಗೂ ಕೊಡ್ಲಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ. ಹುಡುಗ ನಮ್ಮ ಮನೆಯ ಮಹಡಿಯಲ್ಲಿ ಕೂತು, ಬಡವರ ವರ್ಕ್‌ಶಾಪಿಗೆ ಬಿಟ್ಟಿಯಾಗಿ ಸಿಗಲಿ ಎಂದು ಬರೆದ ಸಾಫ್ಟ್‌ವೇರ್ ಅದು, ಇಷ್ಟು ವರ್ಷ ಪುಕ್ಕಟೆ ಬಳಸಿ ಈಗ ಅದಕ್ಕೆ ಹೆಸರಿಡುತ್ತೀಯಾ ಅಂದೆ. ನನ್ನ ಕಂಪ್ಯೂಟರಿನಲ್ಲಿ ಒಂದೇ ಒಂದು ಜಾಹೀರಾತು ಇಲ್ಲ, ಬೇಕಾದರೆ ಬಂದು ನೋಡು ಎಂದೆ. ಬರಲಿಲ್ಲ. ಎಲ್ಲಿಂದ ಬರುತ್ತಾನೆ!

ಸೋಜಿಗವೆಂದರೆ ಮಹಾದೇವಿಯೂ ಅದೇ ಹಾಡು ಹಾಡಿದಳು. ನೀನು ಸಿಂದಗಿಯಿಂದ ಕರೆತಂದು ನಮ್ಮ ಸಾಹುಕಾರರು ಲಕ್ಷ್ಮಣಪ್ಪನವರ ಮುಂದೆ ನಿಲ್ಲಿಸಿದ್ದೆಯಲ್ಲ, ಆ ಹುಡುಗಿ ಈಗ ಎರಡನೇ ನಂಬರ್ ಮಷಿನ್ ಒಬ್ಬಳೇ ಓಡಿಸುತ್ತಾಳೆ. ಶೆಡ್ಡಿನ ಮಹಡಿ ಹತ್ತಿ ನನ್ನ ಟೇಬಲ್ ತನಕ ಬಂದು, "ಅಕ್ಕಾ, ಕೆಳಗಿನ ಕಂಪ್ಯೂಟರಿನ್ಯಾಗ ಸಾಣಿ ತೆಗದ್ರ ಜಾಹೀರಾತು ಬರಾಕತ್ತಾವ್ರಿ. ಮನು ಅಣ್ಣನ ಕಾಪಿ ಹಾಕ್ಕೊಳ್ಳೂಣೇನ್ರಿ?" ಅಂದಳು. ನನ್ನ ಪರದೆ ತಿರುಗಿಸಿ, ಎಲ್ಲಿದೆ ತೋರಿಸು ಅಂದೆ. ಸುಮಾರು ಹೊತ್ತು ನೋಡಿದಳು. ಊಟದ ಹೊತ್ತಿನಲ್ಲಿ ರೀಲ್ಸ್ ನೋಡಿಕೊಂಡು ಕಂಡದ್ದನ್ನೆಲ್ಲ ಒತ್ತಿ ವೈರಸ್ ತಂದಿದ್ದೀರಿ, ಸಾಣೆಗೆ ಯಾಕೆ ಹೇಳುತ್ತೀರಿ ಎಂದು ಗದರಿದೆ. ಇಳಿದು ಹೋದಳು.

ನೀನು ಹಾಕಿಕೊಟ್ಟ ಪದ್ಧತಿ ಈಗಲೂ ನಡೆದಿದೆ. ಸಂಜೆ ಹೋಗುವವರು ಪ್ರೋಗ್ರಾಮಿನ ಕೊನೆಯ ಸಾಲಿನಲ್ಲಿ ಬೆಳಗಿನವರಿಗೆ ಒಂದು ಮಾತು ಬರೆದು ಹೋಗುವುದು. ಆ ಸಾಲನ್ನು ಮಷಿನ್ ಓದುವುದಿಲ್ಲ, ಮನುಷ್ಯರಷ್ಟೇ ಓದುತ್ತಾರೆ. ಹಿಂದಿನ ನೋಟ್‌ಬುಕ್ಕು ಎಣ್ಣೆ ಕುಡಿದು ಒಂದಕ್ಷರ ಕಾಣದ ಹಾಗೆ ಆಗಿತ್ತಲ್ಲ, ಆ ತಲೆನೋವು ತಪ್ಪಿತು. ಹೆಚ್ಚಿನ ದಿನ ನಾನು ಬರೆಯುವುದು 'ಎಲ್ಲ ಸರಿ ಇದೆ' ಅಂತಲೇ. ಬೆಳಿಗ್ಗೆ ಆರಕ್ಕೆ ಬಂದು ಮಹಾದೇವಿ ಅದನ್ನು ಓದಿಯೇ ಮಷಿನ್ ಶುರು ಮಾಡುತ್ತಾಳೆ.

ಮನುವಿಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡಬೇಕು. ಸಾಣೆಯಲ್ಲಿ ಜಾಹೀರಾತು ಇಲ್ಲ ಎಂದು ನೀನೇ ನಾಲ್ಕು ಸಾಲು ಬರೆ.

ವನಜಾ

*

ವಿಜಯಪುರ
14 ಜೂನ್ 2025

ವನಜಕ್ಕಾ,

ಪತ್ರ ತಲುಪಿತು. ಅಶ್ವತ್ಥಮ್ಮನವರಿಗೆ ಫೋನ್ ಮಾಡಿದ್ದೆ, ಮನಸಾರೆ ಬೈಸಿಕೊಂಡೆ, ಹಗುರಾಯಿತು.

ಮನುವಿನ ಸಂಗಡ ಜಗಳ ಬೇಡ ಅಕ್ಕಾ. ಹತ್ತು ಜನ ಹತ್ತು ಮಾತಾಡುತ್ತಾರೆ. ಯಾವ ಎಡಿಟರ್ ಬೇಕು, ಯಾವುದು ಬೇಡ ಎಂಬುದು ಅವರವರ ಇಷ್ಟ. ಹಳೆಯ ಕೋಡ್ ತಗೊಂಡಿದ್ದರೆ ತಗೊಳ್ಳಲಿ, ಅದನ್ನು ನಾನು ಎಲ್ಲರಿಗೂ ಅಂತಲೇ ಇಟ್ಟದ್ದು.

ನಿಮಗೆ ಜಾಹೀರಾತು ಕಾಣದಿದ್ದರೆ ಒಳ್ಳೆಯದೇ ಆಯಿತು. ಮೇ ತಿಂಗಳಲ್ಲಿ ನಾನು ನಿಮಗೆ ಕಳಿಸಿದ ಕಾಪಿಯನ್ನೇ ಇಟ್ಟುಕೊಳ್ಳಿ. ಅದರ ಮೇಲೆ ಬೇರೆ ಯಾವ ಅಪ್‌ಡೇಟೂ ಹಾಕಬೇಡಿ. ಮರೆಯಬೇಡಿ.

ಇಲ್ಲಿ ಕೆಲಸ ಬಹಳ. ಹೆಚ್ಚು ಬರೆಯಲು ಆಗುತ್ತಿಲ್ಲ, ತಪ್ಪು ತಿಳಿಯಬೇಡಿ. ಮಹಾದೇವಿಗೆ ಚೆನ್ನಾಗಿ ಕೆಲಸ ಕಲಿ ಎಂದು ನಾನು ಹೇಳಿದೆನೆಂದು ಹೇಳಿ.

ನಿಮ್ಮ
ಬಸಲಿಂಗ

*

ನಾಗಸಂದ್ರ
1 ಜುಲೈ 2025

ಬಸಲಿಂಗ,

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ನಿನ್ನೆ ಬೆಳಿಗ್ಗೆ ಮಹಾದೇವಿಯ ಬಲಗೈ ಮಷಿನ್‌ಗೆ ಸಿಕ್ಕಿತು. ತೋರುಬೆರಳು, ನಡುಬೆರಳು ಎರಡೂ ಹೋದವು. ಜೀವಕ್ಕೆ ಅಪಾಯವಿಲ್ಲ ಅಂದಿದ್ದಾರೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಶನಿವಾರ ಸಂಜೆ ಎರಡನೇ ಮಷಿನ್ನಿನ ಬಾಗಿಲ ಸ್ವಿಚ್ ಕೆಟ್ಟಿತ್ತು. ಓಡುತ್ತಿರುವಾಗ ಬಾಗಿಲು ಸರಿಸಿದರೆ ಮಷಿನ್ ತಾನಾಗಿ ನಿಲ್ಲಬೇಕಲ್ಲ, ನಿಲ್ಲುತ್ತಿರಲಿಲ್ಲ. ಲಕ್ಷ್ಮಣಪ್ಪನವರಿಗೆ ಹೇಳಿದೆ. "ಸೋಮವಾರ ಹತ್ತು ಗಂಟೆಗೆ ಮೆಕ್ಯಾನಿಕ್ ಬರ್ತಾನೆ ಬಿಡಮ್ಮ" ಅಂದರು. ನಾನು ಹೋಗುವ ಮುಂಚೆ ಪ್ರೋಗ್ರಾಮಿನ ಕೊನೆಯ ಸಾಲಿನಲ್ಲಿ ಬರೆದೆ: 'ಬಾಗಿಲ ಸ್ವಿಚ್ ಕೆಟ್ಟಿದೆ. ಬಾಗಿಲು ತೆಗೆದರೂ ಮಷಿನ್ ನಿಲ್ಲುವುದಿಲ್ಲ. ರಿಪೇರಿ ಆಗುವ ತನಕ ಓಡಿಸಬೇಡ.'

ಬರೆದಿದ್ದೆ ಬಸಲಿಂಗ. ದೇವರಾಣೆಗೂ ಬರೆದಿದ್ದೆ.

ಸೋಮವಾರ ಬೆಳಿಗ್ಗೆ ಅವಳು ಬಂದು ಮಷಿನ್ ಓಡಿಸಿದ್ದಾಳೆ. ಒಳಗೆ ಕಬ್ಬಿಣದ ಚೂರು ಸುತ್ತಿಕೊಂಡಿದೆ. ದಿನಾ ಮಾಡುವ ಹಾಗೆ ಬಾಗಿಲು ಸರಿಸಿ, ನಿಂತಿದೆ ಅಂದುಕೊಂಡು ಕೈ ಹಾಕಿದ್ದಾಳೆ. ನಾನು ಹತ್ತಕ್ಕೆ ಹೋದಾಗ ನೆಲ ಒರೆಸಿ ಆಗಿತ್ತು. ಯಾರನ್ನು ಕೇಳಿದರೂ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು.

ನರ್ಸಿಂಗ್ ಹೋಮಿಗೆ ಓಡಿದೆ. ಮುಖ ಬಿಳಿಚಿಕೊಂಡು ಮಲಗಿದ್ದಳು. ಓದಲಿಲ್ಲವೇನೇ ಎಂದು ಕೇಳಿದೆ. "ನನಗೇನೂ ಕಾಣಲಿಲ್ರಿ ಅಕ್ಕಾ. ಕೆಳಗ ಜಾಹೀರಾತು ಬಂದು ಕುಂತಿತ್ರಿ" ಅಂದಳು. ಅಂಥ ಹೊತ್ತಿನಲ್ಲೂ ಅದೇ ಜಾಹೀರಾತಿನ ಕಥೆ!

ವಾಪಸ್ ಬಂದು ಲಕ್ಷ್ಮಣಪ್ಪನವರ ಎದುರಿಗೇ ನನ್ನ ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಂ ತೆಗೆದೆ. ಕೊನೆಯ ಸಾಲು ಕಣ್ಣಿಗೆ ಹೊಡೆಯುವ ಹಾಗೆ ಇತ್ತು. ಹುಡುಗರು ನೆಟ್ಟಿನಲ್ಲಿ ಆಟವಾಡುತ್ತಾರೆಂದು ಸಾಹುಕಾರರು ಅಷ್ಟರಲ್ಲೇ ಕೆಳಗಿನ ಕಂಪ್ಯೂಟರಿನ ನೆಟ್ ತೆಗೆಸಿಬಿಟ್ಟಿದ್ದರು. ಅಲ್ಲೂ ಹೋಗಿ ತೆಗೆದೆವು. ಅಲ್ಲೂ ಸಾಲು ಸ್ಪಷ್ಟವಾಗಿತ್ತು. ಜಾಹೀರಾತು ಗೀಹೀರಾತು ಏನೂ ಇರಲಿಲ್ಲ.

ಹುಡುಗಿಯ ಕೈ ಹೋಯಿತೆಂದು ಕರುಳು ಕಿತ್ತು ಬರುತ್ತದೆ. ಆದರೆ ತನ್ನ ತಪ್ಪು ಮುಚ್ಚಿಕೊಳ್ಳಲು ಹೀಗೆ ಸುಳ್ಳು ಹೇಳುವುದೇ? ನನ್ನ ಕೈಯಲ್ಲಿ ಕೆಲಸ ಕಲಿತವಳು. ನನಗೆ ನಂಬಲಿಕ್ಕೇ ಆಗುತ್ತಿಲ್ಲ.

ಕೂಡಲೇ ಬರೆ.

ವನಜಾ

*

ನಾಗಸಂದ್ರ
11 ಜುಲೈ 2025

ಬಸಲಿಂಗ,

ಹತ್ತು ದಿನವಾಯಿತು, ಉತ್ತರವಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ನಿಮ್ಮ ಕಡೆಯ ಹುಡುಗಿಗೆ ಹೀಗಾಗಿದೆ, 'ಅಯ್ಯೋ' ಅನ್ನುವಷ್ಟೂ ಪುರುಸೊತ್ತಿಲ್ಲವೇ ನಿನಗೆ?

ಇಲ್ಲಿ ವಿಷಯ ಬೆಳೆದಿದೆ. ಕಾರ್ಖಾನೆ ಇಲಾಖೆಯಿಂದ ಶೋಭಾರಾಣಿ ಅಂತ ಒಬ್ಬ ಅಧಿಕಾರಿ ಬಂದು ಎಲ್ಲರ ಹೇಳಿಕೆ ಬರೆಸಿಕೊಂಡು ಹೋಗುತ್ತಿದ್ದಾರೆ. ಮಹಾದೇವಿಯದ್ದನ್ನು ನರ್ಸಿಂಗ್ ಹೋಮಿನಲ್ಲೇ ಬರೆಸಿಕೊಂಡರಂತೆ. ಲಕ್ಷ್ಮಣಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು, "ನೋಡು ವನಜಾ, ನೋಟ್ ಇರ್ಲಿಲ್ಲ ಅಂತಾಳೆ ಆ ಹುಡ್ಗಿ. ಅಂದ್ರೆ ತಪ್ಪು ನಿಂದು ಅಂತ ತಾನೇ ಆಯ್ತು? ನೀನು ಇದ್ದದ್ದು ಇದ್ದ ಹಾಗೆ ಬರ್ಕೊಡು, ಸಾಕು" ಅಂದರು.

ಇದ್ದದ್ದನ್ನೇ ಬರೆದೆ. ನಾನು ಎಚ್ಚರಿಕೆ ಬರೆದಿದ್ದೆ, ಆಕೆ ಓದದೆ ಮಷಿನ್ ಓಡಿಸಿದಳು, ನಾವು ಬಳಸುವ ಸಾಣೆಯಲ್ಲಿ ಜಾಹೀರಾತು ಬರುವುದೇ ಇಲ್ಲ, ಅವಳ ಮಾತು ಶುದ್ಧ ಸುಳ್ಳು ಎಂದು ಬರೆದು ಸಹಿ ಹಾಕಿದೆ. ಸಹಿ ಹಾಕುವಾಗ ಒಂದು ಕ್ಷಣ ಅವಳ ಮುಖ ನೆನಪಾಯಿತು. ಆದರೂ ಹಾಕಿದೆ. ಇಪ್ಪತ್ತು ವರ್ಷ ಈ ಪೀಣ್ಯದಲ್ಲಿ ಒಂದು ತಪ್ಪು ಮಾಡದೆ ದುಡಿದಿದ್ದೇನೆ, ನನ್ನ ಹೆಸರು ನನಗೂ ಬೇಕಲ್ಲ.

ಇದರಿಂದ ಅವಳ ಕೆಲಸ ಹೋಗುತ್ತದೆ, ನನಗೆ ಗೊತ್ತು. ಪರಿಹಾರಕ್ಕೂ ಕಲ್ಲು ಬೀಳಬಹುದು. ಸುಳ್ಳು ಹೇಳಿ ಕೈ ಕಳಕೊಂಡವಳು ಅಂದರೆ ಇಲ್ಲಿ ಯಾವ ಶೆಡ್ಡಿನಲ್ಲೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದನ್ನು ಅವಳು ಮೊದಲೇ ಯೋಚಿಸಬೇಕಿತ್ತು.

ನಿನ್ನಿಂದ ಒಂದು ಉಪಕಾರ ಆಗಬೇಕು. ಸಾಣೆ ಮಾಡಿದವನು ನೀನು. 'ಸಾಣೆಯಲ್ಲಿ ಯಾವುದೇ ಜಾಹೀರಾತು ಇರುವುದಿಲ್ಲ' ಎಂದು ಒಂದು ಸಾಲು ಬರೆದು, ಸಹಿ ಹಾಕಿ ಕಳಿಸು. ಇಲಾಖೆಗೆ ಕೊಟ್ಟರೆ ಇದು ಮುಗಿಯುತ್ತದೆ.

ವನಜಾ

*

ವಿಜಯಪುರ
19 ಜುಲೈ 2025

ವನಜಕ್ಕಾ,

ನೀವು ಕೇಳಿದ ಆ ಒಂದು ಸಾಲು ಬರೆಯಲು ನನ್ನಿಂದ ಆಗುವುದಿಲ್ಲ. ಸಾಣೆಯಲ್ಲಿ ಜಾಹೀರಾತು ಇದೆ.

ಮಾರ್ಚ್ ತಿಂಗಳಲ್ಲಿ ಅದನ್ನು ಮುಂಬೈಯ ಒಂದು ಜಾಹೀರಾತು ಕಂಪನಿಗೆ ಕೊಟ್ಟೆ. ಈಗ ನಾನು ಅವರ ನೌಕರ. ಹತ್ತು ವರ್ಷ ಒಬ್ಬನೇ ಎಳೆದಿದ್ದೆ ಅಕ್ಕಾ. ಬೆಳಿಗ್ಗೆ ಎದ್ದರೆ ಊರೂರಿಂದ ಮೇಲ್, ಇದು ಕೆಟ್ಟಿದೆ ಅದು ಕೆಟ್ಟಿದೆ ಎಂದು ಗದರುವವರೇ ಎಲ್ಲ. ಒಬ್ಬರೂ ನೀನು ಹೇಗಿದ್ದೀ ಎಂದು ಕೇಳಿದವರಲ್ಲ, ನೀವೊಬ್ಬರನ್ನು ಬಿಟ್ಟು. ಸಾಕಾಗಿ ಹೋಗಿತ್ತು. ಕೆಳಗೆ ಒಂದು ಪಟ್ಟಿ ಬಂದರೆ ಯಾರ ಗಂಟೇನು ಹೋಗುತ್ತದೆ ಅಂದುಕೊಂಡೆ.

ನಿಮ್ಮ ಕಣ್ಣಿಗೆ ಮಾತ್ರ ಅದು ಬೀಳಬಾರದು ಅನ್ನಿಸಿತು. ನಿಮ್ಮ ಮನೆಯ ಮಹಡಿಯಲ್ಲಿ ಕೂತು ಬರೆದ ಸಾಫ್ಟ್‌ವೇರ್ ಮೇಲೆ ಸೈಟಿನ ಜಾಹೀರಾತು ಕಂಡರೆ ನೀವು ಏನಂದುಕೊಳ್ಳುತ್ತೀರಿ ಎಂದು ನಾಚಿಕೆಯಾಯಿತು. ಅದಕ್ಕೇ ಮೇ ತಿಂಗಳಲ್ಲಿ ಪಟ್ಟಿ ತೆಗೆದು, ನಿಮಗೊಬ್ಬರಿಗೆ ಅಂತ ಬೇರೆ ಕಾಪಿ ಮಾಡಿ ಕಳಿಸಿದೆ. ನೀವು ಅದನ್ನು ನಿಮ್ಮ ಕಂಪ್ಯೂಟರಿಗೆ ಹಾಕಿಕೊಂಡಿರಿ. ಕೆಳಗಿನ ಕಂಪ್ಯೂಟರಿಗೆ ಎಲ್ಲರಿಗೂ ಹೋದ ಅಪ್‌ಡೇಟೇ ಹೋಗಿದೆ. ಜಾಹೀರಾತು ನೆಟ್ ಇದ್ದರೆ ಮಾತ್ರ ಬರುತ್ತದೆ. ನೆಟ್ ತೆಗೆಸಿದ ಮೇಲೆ ನೀವು ಹುಡುಕಿದರೆ ಎಲ್ಲಿ ಕಾಣಬೇಕು?

ಪಟ್ಟಿ ಬರುವುದು ಪರದೆಯ ತಳದಲ್ಲಿ. ಅದರ ಹಿಂದೆ ಬರಹದ ಕೊನೆಯ ಸಾಲು ಮುಚ್ಚಿಹೋಗುತ್ತದೆ, ಎಷ್ಟು ಸರಿಸಿದರೂ ಮೇಲೆ ಬರುವುದಿಲ್ಲ. ಮಾಡುವಾಗ ನನಗದು ಕಂಡಿತ್ತು. ಪ್ರೋಗ್ರಾಮಿನ ಕೊನೆಯ ಸಾಲಿನಲ್ಲಿ ಯಾರೂ ಕೆಲಸದ ವಿಷಯ ಬರೆಯುವುದಿಲ್ಲ ಎಂದು ಕಂಪನಿಯವರು ಅಂದರು. ನಾನು ಹೌದು ಅಂದೆ. ನಮ್ಮ ಶೆಡ್ಡಿನಲ್ಲಿ ಬರೆಯುತ್ತಾರೆ ಎಂಬುದು, ಬರೆಯಿರಿ ಎಂದು ನಾನೇ ಕಲಿಸಿಕೊಟ್ಟದ್ದು, ಆ ಹೊತ್ತಿಗೆ ನೆನಪಿಗೇ ಬರಲಿಲ್ಲ. ನಿಮ್ಮ ಜುಲೈ ಒಂದರ ಪತ್ರ ಓದಿದಾಗ ನೆನಪಾಯಿತು. ಅವತ್ತಿನಿಂದ ನಿಮ್ಮ ಫೋನ್ ಬಂದರೆ ಹಾವು ಕಂಡ ಹಾಗೆ ನೋಡುತ್ತಾ ಕೂರುತ್ತಿದ್ದೆ.

ಇನ್ನೊಂದು ಇದೆ. ಹೇಳದೆ ಇದ್ದುಬಿಡೋಣ ಅನ್ನಿಸಿತ್ತು. ಯಾರು ಯಾವ ಜಾಹೀರಾತು ನೋಡಿದರು, ಎಲ್ಲಿ ಒತ್ತಿದರು ಎಂಬ ದಾಖಲೆ ಕಂಪನಿಯಲ್ಲಿ ಉಳಿಯುತ್ತದೆ. ಜೂನ್ 30ರ ಬೆಳಗಿನದ್ದನ್ನು ತೆಗೆದು ನೋಡಿದೆ. ನಿಮ್ಮ ಕೆಳಗಿನ ಕಂಪ್ಯೂಟರಿನಲ್ಲಿ 6 ಗಂಟೆ 11 ನಿಮಿಷಕ್ಕೆ ಸಾಣೆ ತೆರೆದಿದೆ. ಮನೆಯಲ್ಲೇ ಕೂತು ಕಂಪ್ಯೂಟರ್ ಕಲಿಯಿರಿ ಅನ್ನುವ ಜಾಹೀರಾತು ಬಂದಿದೆ. ಪಟ್ಟಿಯ ಮೂಲೆಯಲ್ಲಿ ಮುಚ್ಚುವ ಗುರುತು ಇದೆ. ಅದನ್ನು ಮೂರು ಸಲ ಒತ್ತಿದ್ದಾರೆ. ಮುಚ್ಚಿಲ್ಲ. ಮೊದಲ ಹದಿನೈದು ಸೆಕೆಂಡು ಅದು ಮುಚ್ಚದ ಹಾಗೆ ಮಾಡಿದ್ದೇವೆ. ಮಾಡಿದ್ದೇವೆ ಅಲ್ಲ, ಮಾಡಿದ್ದೇನೆ. ಆ ಕೋಡ್ ಬರೆದವನು ನಾನು. ಹನ್ನೆರಡನೇ ಸೆಕೆಂಡಿಗೆ ಪ್ರೋಗ್ರಾಂ ಮಷಿನ್‌ಗೆ ಹೋಗಿದೆ.

ಅವಳು ಸುಳ್ಳು ಹೇಳಿಲ್ಲ ಅಕ್ಕಾ. ನಿಮ್ಮ ಸಾಲನ್ನು ಹುಡುಕಿದ್ದಾಳೆ, ಮೂರು ಸಲ.

ಬಸಲಿಂಗ

*

ನಾಗಸಂದ್ರ
20 ಜುಲೈ 2025

ಬಸಲಿಂಗ,

ನಿನ್ನ ಪತ್ರ ಓದಿದೆ. ಅಮ್ಮ ಬಂದು ಭುಜ ಅಲ್ಲಾಡಿಸಿ, "ಯಾಕೆ ಇಂಗೆ ಬೆಪ್ಪಾಗಿ ಕುಂತಿದ್ದೀ, ಯಾರೋದ್ರು?" ಅಂದಳು.

ನನಗೊಬ್ಬಳಿಗೆ ಬೇರೆ ಕಾಪಿ. ನನ್ನ ಮೇಲಿನ ಪ್ರೀತಿ! ಪ್ರೀತಿ ಇದ್ದಿದ್ದರೆ ಜೂನ್‌ನಲ್ಲಿ ಕೇಳಿದಾಗ ಹೌದಕ್ಕ, ಮಾರಿಕೊಂಡೆ ಅನ್ನಬೇಕಿತ್ತು. ಅಷ್ಟು ಹೇಳಿದ್ದರೆ ನಾನು ನಿನಗೆ ನಾಲ್ಕು ಮಾತು ಬೈದು, ಮನುವಿನ ಕಾಪಿ ಹಾಕಿಸಿ ಸುಮ್ಮನಾಗುತ್ತಿದ್ದೆ. ಆ ಹುಡುಗಿ ಬಂದು ಕೇಳಿದ್ದೂ ಅಷ್ಟೇ. ನಿನ್ನನ್ನು ನಂಬಿ ಅವಳನ್ನು ಗದರಿಸಿ ಇಳಿಸಿದೆ. ನಿನ್ನನ್ನು ನಂಬಿ ಅವಳ ಮೇಲೆ ಸಹಿ ಹಾಕಿದೆ. ಥೂ ನಿನ್ನ!

ಬೈಯುತ್ತಾ ಬೈಯುತ್ತಾ ಬೈಗುಳ ನನ್ನ ಕಡೆಗೇ ತಿರುಗುತ್ತದೆ. ಮಷಿನ್ ಬಾಗಿಲಿಗೆ ಒಂದು ಕೆಂಪು ಚೀಟಿ ಅಂಟಿಸಲು ಎಷ್ಟು ಹೊತ್ತು ಬೇಕಿತ್ತು? ಭಾನುವಾರ ಇಡೀ ದಿನ ಇತ್ತು, ಒಂದು ಫೋನ್ ಮಾಡಬಹುದಿತ್ತು. ಕೊನೆಯ ಸಾಲಿನಲ್ಲಿ ಬರೆದೆ, ನನ್ನ ಕೆಲಸ ಮುಗಿಯಿತು ಎಂದು ಕೈ ತೊಳೆದು ಮನೆಗೆ ಬಂದೆ.

ಆ ದಾಖಲೆ ಕಾಗದದ ಮೇಲೆ ಬೇಕು. ನಿನ್ನ ಸಹಿ ಸಮೇತ ಬೇಕು. ಅದು ಬರುವ ತನಕ ನನಗೆ ಬೇರೆ ಏನೂ ಬರೆಯಬೇಡ.

ವನಜಾ

*

ವಿಜಯಪುರ
23 ಜುಲೈ 2025

ವನಜಕ್ಕಾ,

ದಾಖಲೆಯನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿದ್ದೇನೆ. ಪ್ರತಿ ಹಾಳೆಯ ಮೇಲೂ ಸಹಿ ಮಾಡಿದ್ದೇನೆ. ಪಟ್ಟಿ ಎಲ್ಲಿ ಬರುತ್ತದೆ, ಏನನ್ನು ಮುಚ್ಚುತ್ತದೆ, ಮುಚ್ಚುವ ಗುರುತು ಎಷ್ಟು ಹೊತ್ತು ಸತ್ತಿರುತ್ತದೆ, ಎಲ್ಲ ಕನ್ನಡದಲ್ಲಿ ಬರೆದಿದ್ದೇನೆ. ಅಧಿಕಾರಿ ಕರೆದರೆ ಬಂದು ನಿಲ್ಲುತ್ತೇನೆ.

ದಾಖಲೆ ಹೊರಗೆ ಕೊಡಬಾರದು ಎಂದು ಕಂಪನಿಯ ವಕೀಲ ಫೋನ್ ಮಾಡಿದ್ದ. ಕೊಟ್ಟು ಆಯಿತು ಅಂದೆ. ಪಟ್ಟಿ ತೆಗೆಯಿರಿ, ಒಬ್ಬರ ಬೆರಳು ಹೋಗಿದೆ ಎಂದು ನಾನು ಬರೆದ ಮೇಲ್‌ಗೆ ಅವರ ಉತ್ತರ ಇವತ್ತು ಬಂತು. 'ನಿಮ್ಮ ಸಲಹೆಗೆ ಧನ್ಯವಾದ, ಮುಂದಿನ ಅಪ್‌ಡೇಟಿನಲ್ಲಿ ಪರಿಶೀಲಿಸುತ್ತೇವೆ' ಎಂದಿದೆ. ನಾಲ್ಕು ಸಲ ಓದಿದೆ. ಅಷ್ಟೇ ಇದೆ. ಸಾಣೆ ಈಗ ನನ್ನದಲ್ಲ, ಒಂದು ಅಕ್ಷರ ಬದಲಿಸುವ ಹಕ್ಕೂ ನನಗಿಲ್ಲ. ಕೆಲಸ ಬಿಟ್ಟಿದ್ದೇನೆ.

ಒಂದು ಮಾತು ಕೇಳಿ ಅಕ್ಕಾ. ಸಾಣೆ ಬಿಟ್ಟುಬಿಡಿ. ಕೆಳಗಿನ ಕಂಪ್ಯೂಟರಿನಿಂದ ತೆಗೆಯಿರಿ, ನಿಮ್ಮದರಿಂದಲೂ ತೆಗೆಯಿರಿ. ಮನುವಿನ ಕಾಪಿ ಹಾಕಿಸಿಕೊಳ್ಳಿ. ಅವನಿಗೆ ನಾನೇ ಫೋನ್ ಮಾಡಿದ್ದೆ. "ಅಣ್ಣ, ಹಳೇ ಕೋಡಲ್ಲಿ ಕೆಲವು ಕಡೆ ನಂಗೆ ಅರ್ಥ ಆಗ್ತಿಲ್ಲ, ಹೇಳ್ಕೊಡ್ತೀರಾ?" ಎಂದ. ಬೈಯಲೇ ಇಲ್ಲ. ಪೀಣ್ಯದ ಯಾವ ಶೆಡ್ಡಿನಲ್ಲಿ ಸಾಣೆ ಇದೆಯೋ ಅಲ್ಲೆಲ್ಲ ಹೋಗಿ ತೆಗೆಸಲು ಅವನಿಗೆ ಹೇಳಿದ್ದೇನೆ. ನಾನು ಮಾಡಿದ್ದನ್ನು ಬಿಡಿ ಬಿಡಿ ಎಂದು ನಾನೇ ಮನೆಮನೆಗೆ ಹೇಳಿಸುವ ಕಾಲ ಬಂತು.

ಮಹಾದೇವಿಗೆ ಹೇಗೆ ಮುಖ ತೋರಿಸಲಿ?

ಬಸಲಿಂಗ

*

ನಾಗಸಂದ್ರ
2 ಆಗಸ್ಟ್ 2025

ಬಸಲಿಂಗ,

ನೀನು ಕಳಿಸಿದ ಹಾಳೆಗಳು ಸೋಮವಾರ ಬಂದವು. ಸಾಣೆಯನ್ನು ಎರಡೂ ಕಂಪ್ಯೂಟರಿನಿಂದ ತೆಗೆಸಿದೆ. ಮನು ಬಂದು ಕೆಲಸ ಮಾಡಿ ಹೋದ. ಅವನಿಗೆ ಸಾರಿ ಅಂದೆ. "ಬಿಡಕ್ಕ, ನಮ್ಮೋರು ಅಂತ ನಂಬಿದ್ರಿ, ಅದ್ರಲ್ಲಿ ಏನ್ ತಪ್ಪು" ಅಂದ. ಎರಡನೇ ಮಷಿನ್ನಿಗೆ ಹೊಸ ಸ್ವಿಚ್ ಬಿದ್ದಿದೆ. ಅದನ್ನು ಹಾಕಲು ಮೆಕ್ಯಾನಿಕ್ ಅರ್ಧ ಗಂಟೆಯನ್ನೂ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನಗೆ ಕಿರುಚಿಬಿಡಬೇಕು ಅನ್ನಿಸಿತು.

ಹೇಳಿಕೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಲಕ್ಷ್ಮಣಪ್ಪನವರಿಗೆ ಹೇಳಿದಾಗ ಅವರ ಮುಖ ಕೆಂಪಾಯಿತು. "ತಲೆ ಕೆಟ್ಟಿದ್ಯೇನಮ್ಮ? ಮುಗ್ದಿರೋ ವಿಷ್ಯನ ಯಾಕೆ ಕೆದಕ್ತೀಯ? ಸ್ವಿಚ್ ಕೆಟ್ಟಿದ್ದು ನಂಗೆ ಗೊತ್ತಿತ್ತು ಅಂತ್ಲೂ ಬರೀತೀಯಾ?" ಅಂದರು. ಬರೆಯುತ್ತೇನೆ ಸಾರ್, ಕೆಂಪು ಚೀಟಿ ಹಾಕದೆ ಹೋದದ್ದು ನಾನು ಅಂತಲೂ ಬರೆಯುತ್ತೇನೆ ಅಂದೆ. ಸೋಮವಾರದಿಂದ ಬರಬೇಡ ಅಂದರು. ಇಪ್ಪತ್ತು ವರ್ಷದ ಕೆಲಸ, ಒಂದು ಮಾತಿನಲ್ಲಿ ಮುಗಿಯಿತು. ಅಳು ಬರಲಿಲ್ಲ, ಯಾಕೋ ಗೊತ್ತಿಲ್ಲ.

ಮೊದಲು ಮಹಾದೇವಿಯ ಹತ್ತಿರ ಹೋಗಬೇಕಿತ್ತು. ಮಾದನಾಯಕನಹಳ್ಳಿಯ ಅವಳ ರೂಮಿನ ತನಕ ಆಟೋದಲ್ಲಿ ಹೋದವಳು ಬಾಗಿಲು ತಟ್ಟಲಾರದೆ ತಿರುಗಿ ಬಂದೆ. ನನ್ನ ಸಹಿ ಅಲ್ಲಿ ಹಾಗೇ ಇರುವಾಗ ಯಾವ ಬಾಯಿಂದ ಮಾತಾಡಲಿ? ಅದನ್ನು ಹೊಡೆದುಹಾಕಿಸಿದ ಮೇಲೆಯೇ ಅವಳ ಎದುರು ನಿಲ್ಲುತ್ತೇನೆ ಎಂದು ನಿನ್ನೆ ಇಲಾಖೆಯ ಆಫೀಸಿಗೆ ಹೋದೆ.

ಶೋಭಾರಾಣಿ ಮೇಡಂ ನಿನ್ನ ಹಾಳೆಗಳನ್ನು ಒಂದೊಂದಾಗಿ ಓದಿದರು. ಮೂರು ಸಲ ಒತ್ತಿದ್ದು ಬರುವ ಹಾಳೆಯ ಹತ್ತಿರ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಹೊಸ ಹೇಳಿಕೆ ಬರೆಸಿಕೊಂಡರು. ಎಲ್ಲ ಹೇಳಿದೆ, ಏನೂ ಬಿಡಲಿಲ್ಲ. ಇನ್ನು ಮಹಾದೇವಿಯ ಮೇಲೆ ತಪ್ಪು ಬರುವುದಿಲ್ಲ, ಪರಿಹಾರವೂ ನಿಲ್ಲುವುದಿಲ್ಲ ಅಂದರು.

ಎದ್ದು ಹೊರಡುವಾಗ ಕೇಳಿದೆ: ಮೇಡಂ, ನೋಟ್ ಇರಲಿಲ್ಲ ಅಂತ ಅವಳು ನನ್ನ ಮೇಲೆ ಏನು ಹೇಳಿದ್ದಳು? ಅವರು ನನ್ನ ಮುಖವನ್ನೇ ನೋಡಿದರು. "ಹಾಗಂತ ಯಾರಮ್ಮ ಹೇಳಿದ್ದು ನಿಮಗೆ?" ಅಂದರು. ಲಕ್ಷ್ಮಣಪ್ಪನವರು ಅಂದೆ. ಅವರು ಫೈಲ್ ತಿರುಗಿಸಿ ನನ್ನ ಮುಂದಿಟ್ಟರು.

ಜುಲೈ 3ನೇ ತಾರೀಖು ನರ್ಸಿಂಗ್ ಹೋಮಿನಲ್ಲಿ ಬರೆಸಿಕೊಂಡದ್ದು. ನಾನು ಅವಳನ್ನು ಸುಳ್ಳಿ ಎಂದು ಬರೆದುಕೊಡುವ ಎಷ್ಟೋ ದಿನ ಮೊದಲು. ಎಚ್ಚರಿಕೆ ಬರೆಯದೆ ಹೋದವರು ವನಜಾ ಅವರೇ ಎಂದು ಮೇಡಂ ಕೇಳಿದ್ದಾರೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದಾರೆ:

"ಇಲ್ರಿ ಮೇಡಂ. ವನಜಕ್ಕ ಬರೀಲಾರದ ಹೋಗೂ ಪೈಕಿ ಅಲ್ರಿ. ಅವ್ರು ಬರದ ಇರ್ತಾರ್ರಿ. ಜಾಹೀರಾತು ಅಡ್ಡ ಬಂದು ನನಗ ಕಾಣಲಿಲ್ಲ ಅಷ್ಟ. ಅವ್ರ ಕಂಪ್ಯೂಟರಿನ್ಯಾಗ ಜಾಹೀರಾತು ಬರಂಗಿಲ್ರಿ, ನಾ ನೋಡೀನಿ, ಅದಕ್ಕ ಅವ್ರಿಗೆ ಗೊತ್ತಾಗಿಲ್ಲ. ಅಕ್ಕನ ಮ್ಯಾಲೆ ಏನೂ ಹಾಕಬ್ಯಾಡ್ರಿ. ನನಗ ಕೆಲಸ ಕಲಿಸಿದಾರ್ರಿ ಅವ್ರು."

ಎರಡು ಸಲ ಓದಿದೆ. ಕೆಳಗೆ ಸಹಿ ಹುಡುಕಿದೆ, ಇರಲಿಲ್ಲ. ಐಟಿಐ ಮೊದಲ ದರ್ಜೆಯಲ್ಲಿ ಪಾಸಾದ ಹುಡುಗಿ, ಬಲಗೈಗೆ ಬ್ಯಾಂಡೇಜು ಸುತ್ತಿದ್ದರಿಂದ, ಎಡಗೈಯ ಹೆಬ್ಬೆಟ್ಟು ಒತ್ತಿದ್ದಳು.

ವನಜಾ